ಸಹಾಯ ಬೇಕು: ಆರತಕ್ಷತೆಗೆ ಮೇಣದಬತ್ತಿ ಲಾಟೀನು

ಜಯನಗರದ ಛತ್ರದಲ್ಲಿ ಆರತಕ್ಷತೆ, ಸಂಜೆ 7ರಿಂದ 10ರವರೆಗೆ. 40 ಗಾಜಿನ ಲಾಟೀನು ಬಾಡಿಗೆಗೆ ಬೇಕು: ಬಾಗಿಲಿಗೆ ಕೊಂಡಿ, ಮೇಲೆ ಗಾಳಿಕಿಂಡಿ ಇರಲೇಬೇಕು. ಕಿಂಡಿ ಸಣ್ಣದಾದರೆ ಗಾಜಿಗೆ ಮಸಿ ಹಿಡಿಯುತ್ತೆ.

ಟೀಲೈಟ್ (ಪುಟ್ಟ ಬಟ್ಟಲಲ್ಲಿ ಬರುವ ಗಿಡ್ಡ ಮೇಣದಬತ್ತಿ) ಸುಮಾರು 4 ಗಂಟೆ ಉರಿಯುತ್ತೆ, ಸಾಕು. ಒಂದು ಲಾಟೀನಿಗೆ ಒಂದೇ. ಮೂರ್ನಾಲ್ಕು ಒತ್ತೊತ್ತಾಗಿಟ್ಟರೆ ಮೇಣ ಪೂರ್ತಿ ಕಾದು ಅದಕ್ಕೇ ಬೆಂಕಿ ಹತ್ತಬಹುದು. ಆಗ ನೀರು ಹಾಕಿದರೆ ಸಿಡಿಯುತ್ತೆ, ಮುಚ್ಚಳ ಮುಚ್ಚಿಯೇ ಆರಿಸಬೇಕು. ತಳಕ್ಕೆ ಒಂದಿಂಚು ಒಣ ಮರಳು ಹಾಕ್ತೀವಿ.

ತಲೆನೋವು ಡೆಕೋರೇಷನ್‌ನವರದು. ಹಿಡಿಗೆ ನೆಟ್ ಬಟ್ಟೆ, ಮಲ್ಲಿಗೆ ದಂಡೆ ಸುತ್ತಲೇಬೇಕಂತೆ. ಬಿಸಿಗಾಳಿ ಹೊರಬರೋದೇ ಅಲ್ಲಿ! ಸೆರಗು ತಾಗುವ ಓಡಾಟದ ಜಾಗಕ್ಕೆ ಬ್ಯಾಟರಿ ದೀಪವೇ ಸರಿ. ಹಳದಿ ಬೆಳಕಿನದು, ಚಿಕ್ಕಪೇಟೆ ಕಡೆ ಸಗಟಿನಲ್ಲಿ ಸಿಗುತ್ತಾ? ಅಂಗಡಿ ಗೊತ್ತಿದ್ದವರು ದಯವಿಟ್ಟು ತಿಳಿಸಿ.