ಪದಚರ್ಚೆ: ‘ಅಂಡರ್ ಗಾಡ್’ ಅಂದರೆ ದೇವರ ಅಡಿಯಲ್ಲೋ, ದೇವರ ದಯೆಯಿಂದಲೋ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಒಂದು ಪದ ಅರ್ಜೆಂಟಾಗಿ ಬೇಕಿತ್ತು. ಅಮೆರಿಕದ ಶಾಲೆಗಳ ಮೇಲಿನ ಒಂದು ಸಾಕ್ಷ್ಯಚಿತ್ರಕ್ಕೆ ಕನ್ನಡ ಸಬ್‌ಟೈಟಲ್ ಮಾಡುತ್ತಿದ್ದೇನೆ, ನಾಳೆ ಬೆಳಿಗ್ಗೆ ಫೈಲ್ ಕಳಿಸಬೇಕು. ಮಕ್ಕಳು ಬಾವುಟದ ಎದುರು ನಿಂತು ಹೇಳುವ ಪ್ರತಿಜ್ಞೆ ಅದರಲ್ಲಿ ಎರಡು ಸಲ ಬರುತ್ತದೆ. ಮೊದಲನೆಯದು 1940ರ ದಶಕದ ಕಪ್ಪು ಬಿಳುಪು ತುಣುಕು. ಅದರಲ್ಲಿ ‘ಒನ್ ನೇಷನ್, ಇಂಡಿವಿಸಿಬಲ್’ ಅಂತಷ್ಟೇ ಇದೆ. ಈಗಿನದರಲ್ಲಿ ನಡುವೆ ‘ಅಂಡರ್ ಗಾಡ್’ ಸೇರಿದೆ. ಚಿತ್ರದ ಅರ್ಧ ಜಗಳ ಈ ಎರಡು ಪದಗಳದ್ದೇ. ನಾನು ಸದ್ಯಕ್ಕೆ ‘ದೇವರ ದಯೆಯಿಂದ’ ಅಂತ ಹಾಕಿದ್ದೇನೆ, ಯಾಕೋ ಒಗ್ಗುತ್ತಿಲ್ಲ. ಚಿಕ್ಕದಾಗಿರಬೇಕು, ತೆರೆಯ ಮೇಲೆ ಒಂದೇ ಸಾಲಿಗೆ ಜಾಗ.

ಉತ್ತರ 1

ಮೊದಲು ‘ಪ್ರತಿಜ್ಞೆ’ ಬಿಡಿ. ಕನ್ನಡದಲ್ಲಿ ‘ಆಣೆ’ ಇದೆ. ಆಣೆ ಇಡು, ಆಣೆ ಮಾಡು, ನನ್ನಾಣೆ, ದೇವರಾಣೆ. ಚಿಕ್ಕ ಮಗುವಿಗೂ ಗೊತ್ತು. ‘ನಿಷ್ಠೆ’ ಬೇಡ, ‘ರಾಷ್ಟ್ರ’ ಬೇಡ, ‘ನಾಡು’ ಸಾಕು. ‘ಅಂಡರ್’ಗೆ ‘ಅಡಿ’. ‘ದೇವರಡಿಯ ಒಂದು ನಾಡು’. ಮುಗಿಯಿತು. ಕನ್ನಡದ ಪದ ಕಣ್ಣೆದುರೇ ಇರುವಾಗ ಸಂಸ್ಕೃತದ ಊರುಗೋಲು ಹುಡುಕುವುದು ಯಾಕೆ ಅಂತ ಎಷ್ಟು ಸಲ ಕೇಳಬೇಕೋ.

ಉತ್ತರ 2

‘ಆಣೆ’ ಸಂಸ್ಕೃತದ ‘ಆಜ್ಞೆ’ಯ ತದ್ಭವ, ನಿಘಂಟು ತೆಗೆದು ನೋಡಿ. ‘ದೇವರು’ ಕೂಡ ಅವರ ‘ದೇವ’ಕ್ಕೆ ನಮ್ಮ ‘ರು’ ಸೇರಿಸಿದ್ದು. ಊರುಗೋಲಿನ ಮಾತು ಸಾಕು. ‘ನಾಡು’ ಅಂದರೆ ಮಲೆನಾಡೂ ಆಗುತ್ತದೆ, ತುಳುನಾಡೂ ಆಗುತ್ತದೆ. ಇಲ್ಲಿ ಅದು ನಿಲ್ಲುವುದಿಲ್ಲ. ಪ್ರಮಾಣವಚನದಲ್ಲಿ ಎಲ್ಲರೂ ಕೇಳಿರುವ ‘ದೇವರ ಹೆಸರಿನಲ್ಲಿ’ ಹಾಕಿ ಕಳಿಸಿ.

ಉತ್ತರ 3

ಇಬ್ಬರೂ ಸ್ವಲ್ಪ ನಿಲ್ಲಿ. ಅವರಿಗೆ ಬೇಕಿರುವುದು ಪದ. ಅದರ ಬೇರನ್ನು ಆಮೇಲೆ ಅಗೆಯೋಣ.

‘ದೇವರ ಹೆಸರಿನಲ್ಲಿ’ ಇಲ್ಲಿ ಕೂರುವುದಿಲ್ಲ. ಅದು ನಮ್ಮ ಸಂವಿಧಾನದ 3ನೇ ಅನುಸೂಚಿಯ ಮಾತು. ಅಲ್ಲಿ ದೇವರು ಸಾಕ್ಷಿ. ಆಯ್ಕೆಯೂ ಇದೆ, ದೇವರ ಹೆಸರು ಬೇಡ ಅನ್ನುವವರು ಅದಿಲ್ಲದೆಯೇ ಪ್ರತಿಜ್ಞೆ ಮಾಡಬಹುದು. ಅಮೆರಿಕದ ಈ ಸಾಲಿನಲ್ಲಿ ದೇವರು ಯಾರಿಗೂ ಸಾಕ್ಷಿಯಲ್ಲ. ದೇಶ ಎಂಥದ್ದು ಅಂತ ಆ ಸಾಲು ಹೇಳುತ್ತದೆ. ಹೇಳುವ ಮಗುವಿನ ನಂಬಿಕೆ ಯಾವುದೇ ಇರಲಿ, ದೇಶದ ಗುಣ ಇದು ಅಂತ ಅದರ ಬಾಯಲ್ಲಿ ಹೇಳಿಸುತ್ತದೆ.

‘ಅಡಿ’ ನನಗೂ ಇಷ್ಟದ ಪದ. ಆದರೆ ಅಡಿ ಅಂದರೆ ಕೆಳಗೆ ಅಂತಲೂ ಹೌದು, ಪಾದ ಅಂತಲೂ ಹೌದು. ‘ದೇವರ ಅಡಿಯಲ್ಲಿ’ ಅಂದ ಕೂಡಲೇ ನಮ್ಮ ಕಿವಿಗೆ ಅಡಿದಾವರೆ ಕೇಳಿಸುತ್ತದೆ, ಅಡಿಗೆರಗುವುದು ಕಾಣಿಸುತ್ತದೆ. ಇಂಗ್ಲಿಷಿನ ‘ಅಂಡರ್’ನಲ್ಲಿ ಆ ಭಕ್ತಿ ಇಲ್ಲ. ‘ದೇವರಡಿ’ ಅಂತ ಕೂಡಿಸಿ ಬರೆದರೋ, ‘ಕಾಯ್ದೆಯಡಿ’, ‘ಯೋಜನೆಯಡಿ’ ಅನ್ನುವ ಸರ್ಕಾರಿ ಕನ್ನಡದ ಸಾಲಿಗೆ ಹೋಗಿ ಸೇರುತ್ತದೆ.

ನಿಜವಾದ ತೊಡಕು ಇರುವುದು ವಿಭಕ್ತಿಯಲ್ಲಿ. ಇದನ್ನು ಸೇರಿಸಬೇಕು ಅಂದವರು ಲಿಂಕನ್ನರ 1863ರ ಗೆಟಿಸ್‌ಬರ್ಗ್ ಭಾಷಣವನ್ನು ತೋರಿಸುತ್ತಿದ್ದರು. ಅಲ್ಲಿರುವುದು ‘ಈ ದೇಶ, ಅಂಡರ್ ಗಾಡ್, ಸ್ವಾತಂತ್ರ್ಯದ ಹೊಸ ಹುಟ್ಟು ಪಡೆಯಬೇಕು’ ಅನ್ನುವ ಅರ್ಥದ ವಾಕ್ಯ. ಎರಡೂ ಕಡೆ ಅಲ್ಪವಿರಾಮ. ಮಾತು ಕ್ರಿಯೆಗೆ ಅಂಟಿದೆ. ಅದನ್ನು ‘ದೇವರ ದಯೆಯಿಂದ’ ಅಂದರೆ ನನ್ನ ತಕರಾರಿಲ್ಲ. ಪ್ರತಿಜ್ಞೆಯಲ್ಲಿ ಹಾಗಲ್ಲ. ಅಲ್ಲಿ ‘ನೇಷನ್’ ಆದ ಮೇಲೆ ಅಲ್ಪವಿರಾಮವೇ ಇಲ್ಲ, ಸೀದಾ ‘ಒನ್ ನೇಷನ್ ಅಂಡರ್ ಗಾಡ್’. ಮಾತು ನಾಮಪದಕ್ಕೆ ಅಂಟಿದೆ. ಕನ್ನಡದಲ್ಲಿ ‘ದಯೆಯಿಂದ’ ಅಂದರೂ ‘ನೆರಳಿನಲ್ಲಿ’ ಅಂದರೂ ಅದು ಮುಂದೆ ಒಂದು ಕ್ರಿಯಾಪದವನ್ನು ಕಾಯುತ್ತದೆ. ನಿಮಗೆ ಒಗ್ಗದಿದ್ದುದು ಅದಕ್ಕೇ. ನಾಮಪದಕ್ಕೆ ಕೂರಬೇಕಾದರೆ ಕೃದಂತ ಬೇಕು. ‘ದೇವರಿಗೆ ಒಳಪಟ್ಟ ದೇಶ’. ಕೇಳಲು ಬಿಗಿಯಾಗಿದೆ, ನಿಜ. ಮೂಲವೂ ಬಿಗಿಯಾಗಿಯೇ ಇದೆ.

ಹೇಗೆ ಸೇರಿತು ಅನ್ನುವುದು ಗೊತ್ತಿದ್ದರೆ ಆ ಬಿಗಿ ಯಾಕೆ ಬೇಕು ಅಂತ ತಿಳಿಯುತ್ತದೆ. ಈ ಪ್ರತಿಜ್ಞೆಯನ್ನು 1892ರಲ್ಲಿ ಬರೆದದ್ದು ಫ್ರಾನ್ಸಿಸ್ ಬೆಲ್ಲಮಿ. ಅವರು ಬ್ಯಾಪ್ಟಿಸ್ಟ್ ಪಾದ್ರಿ. ದೇವರ ಹೆಸರು ಹಾಕಬೇಕು ಅನ್ನಿಸಿದ್ದರೆ ಅವರಿಗಿಂತ ಹಕ್ಕು ಯಾರಿಗಿತ್ತು? ಹಾಕಲಿಲ್ಲ. 22 ಪದ, ಅದರಲ್ಲಿ ಒಂದೂ ಧರ್ಮದ ಪದವಲ್ಲ. 1942ರಲ್ಲಿ ಅಮೆರಿಕದ ಸಂಸತ್ತು ಅದನ್ನು ಕಾನೂನಿನಲ್ಲಿ ಸೇರಿಸಿದಾಗಲೂ ದೇವರು ಇರಲಿಲ್ಲ. ಆಮೇಲೆ ಶೀತಲ ಸಮರ ಬಂತು. ನೈಟ್ಸ್ ಆಫ್ ಕೊಲಂಬಸ್ ಎಂಬ ಕ್ಯಾಥೊಲಿಕ್ ಸಂಘಟನೆ ಒತ್ತಾಯ ಮಾಡುತ್ತಿತ್ತು. 1954ರ ಫೆಬ್ರವರಿಯಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಕೂತಿದ್ದ ಚರ್ಚಿನಲ್ಲೇ ಜಾರ್ಜ್ ಡಾಕರ್ಟಿ ಎಂಬ ಪಾದ್ರಿ, ಈ ಪ್ರತಿಜ್ಞೆಯನ್ನು ಮಾಸ್ಕೋದ ಮಕ್ಕಳೂ ತಮ್ಮ ಬಾವುಟಕ್ಕೆ ಹೇಳಬಹುದಲ್ಲ, ನಮಗೂ ಅವರಿಗೂ ವ್ಯತ್ಯಾಸ ಏನು ಅನ್ನುವ ಅರ್ಥದಲ್ಲಿ ಉಪದೇಶ ಮಾಡಿದರು. ಅದೇ ವರ್ಷ ಜೂನ್ 14ಕ್ಕೆ, ಆ ಎರಡು ಪದ ಸೇರಿಸುವ ಕಾನೂನಿಗೆ ಅಧ್ಯಕ್ಷರ ಸಹಿ ಬಿತ್ತು. ಅಂದರೆ ಆ ಎರಡು ಪದಗಳನ್ನು ಸೇರಿಸಿದ್ದೇ ದೇವರನ್ನು ಒಪ್ಪದ ಸೋವಿಯತ್ ಒಕ್ಕೂಟದಿಂದ ಅಮೆರಿಕವನ್ನು ಬೇರೆ ಮಾಡಿ ತೋರಿಸುವುದಕ್ಕೆ. ಅದನ್ನು ‘ದಯೆಯಿಂದ’ ಅಂತ ಮೆತ್ತಗೆ ಮಾಡಿದರೆ ನಿಮ್ಮ ಚಿತ್ರದ ಜಗಳವೇ ನೋಡುವವರಿಗೆ ಅರ್ಥವಾಗುವುದಿಲ್ಲ.

ಇನ್ನೊಂದು ಮಾತು. ಅದೇ ಜೂನ್ 14ರಂದು, ಹನ್ನೊಂದು ವರ್ಷ ಮುಂಚೆ, 1943ರಲ್ಲಿ, ಬಾರ್ನೆಟ್ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಮಕ್ಕಳಿಂದ ಬಲವಂತವಾಗಿ ಬಾವುಟಕ್ಕೆ ವಂದನೆ ಮಾಡಿಸಬಾರದು, ಪ್ರತಿಜ್ಞೆ ಹೇಳಿಸಬಾರದು ಅಂದಿತ್ತು. ಆಗ ನ್ಯಾಯ ಕೇಳಿದ್ದು ಯೆಹೋವನ ಸಾಕ್ಷಿಗಳ ಪಂಥದ ಕುಟುಂಬಗಳು. ನಾಸ್ತಿಕರಲ್ಲ, ದೇವರನ್ನು ಬಲವಾಗಿ ನಂಬುವವರು. 2004ರಲ್ಲಿ ಒಬ್ಬ ನಾಸ್ತಿಕ ತಂದೆಯ ದೂರು ಸುಪ್ರೀಂ ಕೋರ್ಟಿಗೆ ಬಂದಾಗ, ಮಗಳ ಪರವಾಗಿ ದಾವೆ ಹೂಡುವ ಅಧಿಕಾರ ಆತನಿಗಿಲ್ಲ ಅಂತ ಹೇಳಿ ಮುಗಿಸಿದರು. ಮೂಲ ಪ್ರಶ್ನೆ ಹಾಗೇ ಉಳಿಯಿತು. ಪದ ಇರಲಿ ಅನ್ನುವವರಲ್ಲಿ ಕೆಲವರ ವಾದ, ಅದು ಸುಮ್ನೆ ಶಾಸ್ತ್ರಕ್ಕೆ ಹೇಳುವ ಮಾತು, ಧರ್ಮವಲ್ಲ ಅಂತ. ನನಗೆ ಅದು ದೇವರನ್ನು ನಂಬುವವರಿಗೇ ಅವಮಾನ ಅನ್ನಿಸುತ್ತದೆ. ಶಾಸ್ತ್ರಕ್ಕಾದರೆ ಅಷ್ಟು ಕಷ್ಟಪಟ್ಟು ಸೇರಿಸಬೇಕಿತ್ತಾ? ನನ್ನ ಮಟ್ಟಿಗೆ ಅದು ಸೇರಬಾರದಿತ್ತು. ಸುಮ್ಮನಿರುವ ಹಕ್ಕು ಇದೆ, ಸರಿ. ಆದರೆ ತರಗತಿಯ ಎಲ್ಲ ಮಕ್ಕಳು ಒಟ್ಟಿಗೆ ಹೇಳುವಾಗ ಆರೇಳು ವರ್ಷದ ಒಂದು ಮಗು ಆ ಎರಡು ಪದಕ್ಕೆ ಮಾತ್ರ ಬಾಯಿ ಮುಚ್ಚಿಕೊಳ್ಳುವುದು ಸಣ್ಣ ವಿಷಯ ಅಲ್ಲ.

ಇದು ನನ್ನ ಅಭಿಪ್ರಾಯ, ಅನುವಾದಕರದ್ದು ಆಗಬೇಕಿಲ್ಲ. ‘ದಯೆಯಿಂದ’ ಅಂದರೆ ಒಂದು ಪಕ್ಷದ ವಾದವನ್ನು ನೀವೇ ಮಾಡಿದ ಹಾಗೆ. ‘ದೇವರ ಆಳ್ವಿಕೆಯ’ ಅಂದರೆ ಇನ್ನೊಂದು ಪಕ್ಷದ್ದು. ‘ಒಳಪಟ್ಟ’ ಎರಡಕ್ಕೂ ನಡುವೆ ನಿಲ್ಲುತ್ತದೆ. ಇಂಗ್ಲಿಷಿನಲ್ಲಿ ದೊಡ್ಡ ‘ಜಿ’ ಬರೆದು ಒಬ್ಬನೇ ದೇವರು ಅಂತ ತೋರಿಸುತ್ತಾರೆ. ನಮ್ಮ ಲಿಪಿಯಲ್ಲಿ ಅದಕ್ಕೆ ದಾರಿಯೇ ಇಲ್ಲ, ನಮ್ಮ ‘ದೇವರು’ ಯಾವ ದೇವರೂ ಆಗಬಹುದು. ಅಷ್ಟು ಮೆತ್ತಗೆ ಆಗಲೇ ಆಗಿದೆ, ಇನ್ನೂ ಮೆತ್ತಗೆ ಮಾಡಬೇಡಿ.

ಉತ್ತರ 1

‘ಆಣೆ’ ತದ್ಭವ ಅಂತ ನನಗೆ ಪಾಠ ಬೇಡ. ಕನ್ನಡದ ಬಾಯಿಗೆ ಒಗ್ಗಿ ಕನ್ನಡದ ಉಚ್ಚಾರಕ್ಕೆ ಬಗ್ಗಿದ ಪದ ಕನ್ನಡದ್ದೇ. ‘ಪ್ರತಿಜ್ಞೆ’ ಬಗ್ಗಿಲ್ಲ, ಬಂದ ಹಾಗೇ ನಿಂತಿದೆ. ಸಾಲ ತಂದ ಪಾತ್ರೆಯನ್ನು ದಿನಾ ಬಳಸಿದರೂ ಅದರ ಮೇಲಿನ ಹೆಸರು ಅಳಿಯುವುದಿಲ್ಲ. ‘ಅವಿಭಾಜ್ಯ’ ಅಂತ ಹಾಕುತ್ತಾರೆ ನೋಡಿ, ‘ಒಡೆಯಲಾಗದ’ ಅನ್ನುವುದಕ್ಕೆ ಏನು ಕಷ್ಟ?

ಉತ್ತರ 2

ಆ ಲೆಕ್ಕದಲ್ಲಿ ‘ದೇವ’ವೂ ಬಗ್ಗಿಲ್ಲ, ಬಿಟ್ಟುಬಿಡುತ್ತೀರಾ? ಬಗ್ಗಿದ್ದು ನಮ್ಮದು, ಬಗ್ಗದ್ದು ಪರರದ್ದು ಅನ್ನುವ ನಿಯಮ ನಿಮ್ಮದು, ಭಾಷೆಯದ್ದಲ್ಲ. ‘ಪ್ರತಿಜ್ಞೆ’ ನಮ್ಮ ಶಾಲೆಗಳಲ್ಲಿ ಮಕ್ಕಳ ಬಾಯಲ್ಲಿ ತಲೆಮಾರುಗಳಿಂದ ಇರುವ ಪದ. ಅದನ್ನು ಕಿತ್ತು ‘ಆಣೆ’ ಹಾಕಿದರೆ ನೋಡುವವರು ಜಗಳದಲ್ಲಿ ಇಡುವ ಆಣೆ ಅಂದುಕೊಳ್ಳುತ್ತಾರೆ. ‘ಒಡೆಯಲಾಗದ’ ಒಪ್ಪಿದೆ. ಅದು ಚೆನ್ನಾಗಿದೆ.

ಉತ್ತರ 3

‘ಒಡೆಯಲಾಗದ’ ನನಗೂ ಸರಿ. ಒಂದು ಸಲಹೆ. ಕನ್ನಡದಲ್ಲಿ ವಿಶೇಷಣಗಳೆಲ್ಲ ನಾಮಪದಕ್ಕೆ ಮುಂಚೆ ಬರುವುದರಿಂದ ನಡುವೆ ತೂರಿಸಿದ್ದು ಕಣ್ಣಿಗೆ ಬೀಳುವುದಿಲ್ಲ. ಹಾಗಾಗಿ ಹಳೆಯ ತುಣುಕಿಗೂ ಹೊಸದಕ್ಕೂ ಉಳಿದ ಪದಗಳನ್ನು ಒಂದಕ್ಷರವೂ ಬದಲಿಸದೆ ಇಡಿ. ಸೇರಿದ್ದು ಯಾವುದು ಅಂತ ಆಗ ತಾನಾಗಿ ಕಾಣುತ್ತದೆ.

ಪ್ರಶ್ನೆ ಕೇಳಿದವರಿಂದ

ತುಂಬಾ ಉಪಕಾರವಾಯಿತು. ಹಳೆಯ ತುಣುಕಿಗೆ ‘ಒಡೆಯಲಾಗದ ಒಂದು ದೇಶ’, ಈಗಿನದಕ್ಕೆ ‘ದೇವರಿಗೆ ಒಳಪಟ್ಟ, ಒಡೆಯಲಾಗದ ಒಂದು ದೇಶ’ ಅಂತ ಹಾಕಿದೆ. ಸಾಲಿಗೆ ಸರಿಯಾಗಿ ಕೂತಿದೆ. ‘ಪ್ರತಿಜ್ಞೆ’ ಹಾಗೇ ಇಟ್ಟಿದ್ದೇನೆ, ಬೇಜಾರಾಗಬೇಡಿ ಸಾರ್. ಕೊನೆಯಲ್ಲಿ ‘ಲಿಬರ್ಟಿ’ ಬರುತ್ತದೆ. ಅದಕ್ಕೆ ‘ಸ್ವಾತಂತ್ರ್ಯ’ ಅಂತ ಬರೆದಾಗಿದೆ, ಬೇರೆ ಪದ ಇದ್ದರೆ ರಾತ್ರಿ ಹನ್ನೊಂದರೊಳಗೆ ಹೇಳಿ.