ಹೊಸ ಹ್ಯಾಂಡ್‌ಹೆಲ್ಡ್‌ನಲ್ಲಿ ಹಳೇ ಪಿಎಸ್1 ಗೇಮ್ ಎಳೆಯುತ್ತಿದೆ, ಸ್ಪೀಡ್ ಮಾತ್ರ 100% ತೋರಿಸುತ್ತಿದೆ

ಗುದ್ದಪ್ಪ:
ತಲೆ ಕೆಟ್ಟುಹೋಗಿದೆ. ಕೈಯಲ್ಲಿ ಹಿಡಿದು ಆಡುವ ಈ ಹ್ಯಾಂಡ್‌ಹೆಲ್ಡ್ ತಗೊಂಡಿದ್ದೇ ಹಳೇ ಪಿಎಸ್1, ಅಂದರೆ ಮೊದಲ ಪ್ಲೇಸ್ಟೇಷನ್‌ನ ಗೇಮ್ ಆಡೋಣ ಅಂತ. ಈಗಿನ ಭಾರೀ ಗೇಮ್‌ಗಳೆಲ್ಲ ಇದರಲ್ಲಿ ಸಲೀಸಾಗಿ ಓಡುತ್ತವೆ. 90ರ ದಶಕದ ಗೇಮ್ ಮಾತ್ರ ಎಳೆಯುತ್ತದೆ. ಒಮ್ಮೆ ನಿಂತು ಮತ್ತೆ ಓಡುವುದಲ್ಲ, ಒಂದೇ ಸಮನೆ ಸಣ್ಣಗೆ ತಡವರಿಸುತ್ತದೆ. ಕ್ಯಾಮೆರಾ ಪಕ್ಕಕ್ಕೆ ಸರಿದಾಗ ಹಿಂದಿನ ಗೋಡೆ ಅದುರುತ್ತಾ ಸರಿಯುತ್ತದೆ. ಸಾಲದು ಅಂತ ಗುದ್ದಿನ ಟೈಮಿಂಗ್ ಕೂಡ ತಪ್ಪುತ್ತಿದೆ. ಬೆರಳಿಗೆ ಬಾಯಿಪಾಠ ಆಗಿದ್ದ ಕಾಂಬೋ (ಸಾಲು ಹೊಡೆತ) ಒಂದೂ ಕೂಡುತ್ತಿಲ್ಲ. ಹಳೇ ಕನ್ಸೋಲ್‌ನ ಹಾಗೆ ನಟಿಸಿ ಗೇಮ್ ಓಡಿಸುವ ಎಮ್ಯುಲೇಟರ್ ಮಾತ್ರ ಮೂಲೆಯಲ್ಲಿ 100% ಅಂತ ಬರೆದುಕೊಂಡು ಆರಾಮಾಗಿದೆ. ಸೆಟ್ಟಿಂಗ್ ಎಲ್ಲ ತಿರುವಿ ಹಾಕಿ ಆಯಿತು. ಗೊತ್ತಿದ್ದವರು ದಯವಿಟ್ಟು ಹೇಳಿ.

ವ್ಯಾಟ್ ವೀರ:
ಪವರ್ ಲಿಮಿಟ್. ಕಣ್ಣು ಮುಚ್ಚಿಕೊಂಡು ಹೇಳಬಹುದು. ಗೇಮ್ ಹಗುರ ಅಂತ ಗೊತ್ತಾದ ಕೂಡಲೇ ಪ್ರೊಸೆಸರ್ ಕ್ಲಾಕ್ ಇಳಿಸಿಕೊಂಡು ತೂಕಡಿಸುತ್ತದೆ. ಮತ್ತೆ ಏಳುವಷ್ಟರಲ್ಲಿ ಒಂದು ಫ್ರೇಮ್, ಅಂದರೆ ಪರದೆಗೆ ಬರಬೇಕಾದ ಒಂದು ಚಿತ್ರ, ತಪ್ಪಿರುತ್ತದೆ. ಟಿಡಿಪಿ, ಅಂದರೆ ಪ್ರೊಸೆಸರ್‌ಗೆ ಸಿಗುವ ಪವರ್ ಮಿತಿ, 15 ವ್ಯಾಟ್‌ಗೆ ಏರಿಸಿ, ಆಮೇಲೆ ನೋಡಿ.

ಡಿಪ್ಯಾಡ್ ದಾಸ:
ಯಾವ ಗೇಮ್, ಯಾವ ಎಮ್ಯುಲೇಟರ್, ಯಾವ ಹ್ಯಾಂಡ್‌ಹೆಲ್ಡ್? ಮೂರರಲ್ಲಿ ಒಂದನ್ನೂ ಬರೆದಿಲ್ಲವಲ್ಲ ಮಾರಾಯ್ರೇ.

ಗುದ್ದಪ್ಪ:
ಡಕ್‌ಸ್ಟೇಷನ್. ಪಿಎಸ್1ಗೆ ಎಲ್ಲರೂ ಅದನ್ನೇ ತಾನೇ ಹಾಕುವುದು? ಗೇಮ್ ಅಂದರೆ ಫೈಟಿಂಗ್ ಗೇಮ್. ನನ್ನದೇ ಡಿಸ್ಕ್, ನಾನೇ ಕಾಪಿ ಮಾಡಿಕೊಂಡಿದ್ದು. 15 ವ್ಯಾಟ್ ಮಾಡಿದೆ. ಫ್ಯಾನ್ ಕೂಗಲು ಶುರು ಮಾಡಿತು. ಎಳೆತ ಇದ್ದ ಹಾಗೇ ಇದೆ.

ವ್ಯಾಟ್ ವೀರ:
ಬ್ಯಾಟರಿ ಸೇವರ್ ಆಫ್ ಮಾಡಿದ್ದೀರಾ? ಚಾರ್ಜರ್ ಹಾಕಿಕೊಂಡು ಆಡಿ. ಕೆಲವು ಮಷಿನ್‌ಗಳು ಬ್ಯಾಟರಿಯಲ್ಲಿ ಇದ್ದಾಗ ನಾವು ಹೇಳಿದ ವ್ಯಾಟ್ ಕೊಡುವುದೇ ಇಲ್ಲ.

ಕಪ್ಪು ಡಿಸ್ಕ್:
ವೀರ, ಪಿಎಸ್1 ಒಳಗಿದ್ದದ್ದು 33.8 ಮೆಗಾಹರ್ಟ್ಸ್ ಪ್ರೊಸೆಸರ್. ಮೇನ್ ಮೆಮೊರಿ 2 ಎಂಬಿ. ಅದನ್ನು ಓಡಿಸಲು 15 ವ್ಯಾಟ್ ಯಾಕೆ ಬೇಕು? ಸಾಧಾರಣ ಫೋನ್ ಕೂಡ ಓಡಿಸುತ್ತದೆ. ಸ್ಪೀಡ್ 100% ಇದೆ ಅಂದರೆ ಎಮ್ಯುಲೇಟರ್‌ಗೆ ಸುಸ್ತಾಗಿಲ್ಲ. ತೊಂದರೆ ಬೇರೆ ಕಡೆ ಇದೆ.

ವ್ಯಾಟ್ ವೀರ:
ಆ 100% ಅನ್ನುವುದು ಸರಾಸರಿ. ನಡುವೆ ಒಂದು ಫ್ರೇಮ್ ತಡವಾದರೆ ಸರಾಸರಿಯಲ್ಲಿ ಕಾಣುವುದಿಲ್ಲ. ಗುದ್ದಪ್ಪ, ಫ್ರೇಮ್ ಟೈಮ್ ಗ್ರಾಫ್ ಆನ್ ಮಾಡಿ. ಮುಳ್ಳು ಮುಳ್ಳಾಗಿ ಎದ್ದಿರುತ್ತದೆ, ಬೇಕಾದರೆ ನೋಡಿ.

ಟ್ಯೂಬ್ ಟಿವಿ:
ನಿಮ್ಮ ಜಗಳ ನಡೆಯಲಿ. ಹಳೇ ಗೇಮ್ ಹಳೇ ಟಿವಿಯಲ್ಲಿ ಆಡಿದರೇ ಚೆಂದ. ನನ್ನ ಹತ್ತಿರ 29 ಇಂಚಿನ ಟ್ಯೂಬ್ ಟಿವಿ ಇದೆ. ಸ್ಕಾರ್ಟ್ ಕೇಬಲ್‌ನಲ್ಲಿ ಆರ್‌ಜಿಬಿ ಸಿಗ್ನಲ್ ಕೊಟ್ಟಿದ್ದೇನೆ. ಪಕ್ಕದಲ್ಲಿ ಪಿಎಸ್1 ಕನ್ಸೋಲ್, ಎಸ್‌ಸಿಪಿಎಚ್-1001, ಹಿಂದೆ ಆರ್‌ಸಿಎ ಸಾಕೆಟ್ ಇರುವ ಮೊದಲ ಕಾಲದ ಮಾಡೆಲ್. ಆಡಿಯೋ ಹುಚ್ಚಿನವರು ಅದನ್ನು ಸಿಡಿ ಪ್ಲೇಯರ್ ಮಾಡಿಕೊಂಡಿದ್ದಾರೆ, ಗೊತ್ತಲ್ವಾ? ಲ್ಯಾಗ್ ಅನ್ನುವ ಮಾತೇ ಇಲ್ಲ.

ಡಿಪ್ಯಾಡ್ ದಾಸ:
ಆ ಮಾಡೆಲ್‌ನ ಲೇಸರ್ ಜಾರುವ ಪ್ಲಾಸ್ಟಿಕ್ ಸವೆದು, ಕನ್ಸೋಲನ್ನೇ ತಲೆಕೆಳಗಾಗಿ ಇಟ್ಟು ಆಡುತ್ತಿದ್ದರು. ಅದನ್ನೂ ಹೇಳಿ.

ಟ್ಯೂಬ್ ಟಿವಿ:
ನನ್ನದು ನೆಟ್ಟಗೇ ಕೂತಿದೆ. ಲೇಸರ್ ಬದಲಾಯಿಸಿದ್ದೇನೆ.

ಗುದ್ದಪ್ಪ:
ಗ್ರಾಫ್ ಹಾಕಿದೆ. ಮುಳ್ಳೂ ಇಲ್ಲ ಮಣ್ಣೂ ಇಲ್ಲ. 20ರ ಹತ್ತಿರ ಸ್ಕೇಲ್ ಇಟ್ಟು ಎಳೆದ ಹಾಗೆ ನೇರ ಗೆರೆ. ಆದರೂ ಟಿವಿಯಲ್ಲಿ ಕಣ್ಣಿಗೆ ಎಳೆತ ಕಾಣುತ್ತಿದೆ.

ಡಿಪ್ಯಾಡ್ ದಾಸ:
ಟಿವಿನಾ? ಇಷ್ಟು ಹೊತ್ತು ಹ್ಯಾಂಡ್‌ಹೆಲ್ಡ್ ಪರದೆ ಅಂದುಕೊಂಡು ಕೂತಿದ್ದೆವಲ್ಲ!

ಗುದ್ದಪ್ಪ:
ಡಾಕ್‌ಗೆ ಹಾಕಿ ಟಿವಿಯಲ್ಲೇ ಆಡುವುದು. ಫೈಟಿಂಗ್ ಗೇಮ್ ಅಂಗೈಯಗಲದ ಪರದೆಯಲ್ಲಿ ಯಾರಾದರೂ ಆಡುತ್ತಾರಾ? ಆದರೆ ಚಿಕ್ಕ ಪರದೆಯಲ್ಲೂ ಹೀಗೇ ಇದೆ. ಹಾಗಾಗಿ ಬರೆಯಲಿಲ್ಲ.

ಡಿಪ್ಯಾಡ್ ದಾಸ:
ಟಿವಿಯ ಗೇಮ್ ಮೋಡ್ ಆನ್ ಇದೆಯಾ? ಇಲ್ಲದಿದ್ದರೆ ಟಿವಿ ಪ್ರತಿ ಚಿತ್ರಕ್ಕೂ ಮೇಕಪ್ ಮಾಡಿಯೇ ತೋರಿಸುತ್ತದೆ, ಅಷ್ಟರಲ್ಲಿ ಗುದ್ದು ತಿಂದಿರುತ್ತೀರಿ. ಮೋಷನ್ ಸ್ಮೂದಿಂಗ್ ಇದ್ದರೆ ಅದನ್ನು ಮೊದಲು ಆಫ್ ಮಾಡಿ. ಕಂಟ್ರೋಲರ್ ಬ್ಲೂಟೂತ್ ಆಗಿದ್ದರೆ ವೈರ್ ಹಾಕಿ ನೋಡಿ. ಟೈಮಿಂಗ್ ತಪ್ಪುವುದಕ್ಕೆ ಇವಿಷ್ಟೇ ಸಾಕು. ಡಕ್‌ಸ್ಟೇಷನ್‌ನಲ್ಲಿ ಬಟನ್ ತಡ ಕಡಿಮೆ ಮಾಡುವ ರನ್‌ಅಹೆಡ್ ಒಂದು ಫ್ರೇಮ್ ಹಾಕಿಕೊಳ್ಳಿ.

ಗುದ್ದಪ್ಪ:
ಗೇಮ್ ಮೋಡ್ ಆಫ್ ಇತ್ತು, ಆನ್ ಮಾಡಿದೆ. ವೈರ್ ಹಾಕಿದೆ. ರನ್‌ಅಹೆಡ್ ಹಾಕಿದೆ. ಬಟನ್ ಒತ್ತಿದರೆ ಈಗ ಥಟ್ ಅಂತ ಗುದ್ದುತ್ತದೆ, ಅದು ನಿಜ. ಆದರೆ ಗೋಡೆ ಅದುರುವುದು ನಿಂತಿಲ್ಲ. ಕಾಂಬೋ ಇನ್ನೂ ಕೂಡುತ್ತಿಲ್ಲ. ಎರಡನೇ ಗುದ್ದು ಬೇಗ ಆಯಿತು ಅನ್ನಿಸುತ್ತದೆ, ತಡ ಆಯಿತು ಅಂತ ಅಲ್ಲ.

ವ್ಯಾಟ್ ವೀರ:
ಡಾಕ್‌ನಲ್ಲಿ ಇದ್ದಾಗ ಪವರ್ ಪ್ರೊಫೈಲ್ ಬೇರೆ ಇರುತ್ತದೆ! ಡಾಕ್‌ನ ಚಾರ್ಜರ್ ಎಷ್ಟು ವ್ಯಾಟ್‌ದು?

ಡಿಪ್ಯಾಡ್ ದಾಸ:
ವೀರ, ಸ್ವಲ್ಪ ಹೊತ್ತು ಸುಮ್ನೆ ಇರಿ.

ಕಪ್ಪು ಡಿಸ್ಕ್:
ತಡೆಯಿರಿ. ಗ್ರಾಫ್‌ನಲ್ಲಿ ಗೆರೆ 20ರ ಹತ್ತಿರ ಇದೆ ಅಂದರಲ್ಲ? ಅದು 20 ಮಿಲಿಸೆಕೆಂಡ್. 60 ಹರ್ಟ್ಸ್ ಗೇಮ್ ಆಗಿದ್ದರೆ ಗೆರೆ 16.7ರಲ್ಲಿ ಇರಬೇಕು. 20 ಅಂದರೆ ಸೆಕೆಂಡಿಗೆ 50 ಫ್ರೇಮ್. ಗೇಮ್ ಹೆಸರು ಈಗಲಾದರೂ ಹೇಳಿ. ಡಿಸ್ಕ್ ಮೇಲೆ ಎಸ್ ಅಕ್ಷರದಿಂದ ಶುರುವಾಗುವ ಒಂದು ಕೋಡ್ ಇರುತ್ತದೆ, ಅದನ್ನೂ ಬರೆಯಿರಿ.

ಗುದ್ದಪ್ಪ:
ಟೆಕ್ಕನ್ 3. ಕೋಡ್ ಎಸ್‌ಸಿಇಎಸ್ ಅಂತ ಇದೆ, ಮುಂದೆ ನಂಬರ್.

ಕಪ್ಪು ಡಿಸ್ಕ್:
ಸಿಕ್ಕಿತು. ಎಸ್‌ಸಿಇಎಸ್, ಎಸ್‌ಎಲ್‌ಇಎಸ್ ಎರಡೂ ಯುರೋಪಿನ ಡಿಸ್ಕ್, ಅಂದರೆ ಅಲ್ಲಿನ ಪಾಲ್ ಟಿವಿ ಪದ್ಧತಿಯದ್ದು. ಅಮೆರಿಕದ್ದಾದರೆ ಎಸ್‌ಸಿಯುಎಸ್ ಅಥವಾ ಎಸ್‌ಎಲ್‌ಯುಎಸ್. ಜಪಾನಿನದ್ದು ಎಸ್‌ಎಲ್‌ಪಿಎಸ್, ಎಸ್‌ಸಿಪಿಎಸ್ ಹೀಗೆ.

ಪಾಲ್ ಟಿವಿ ಸೆಕೆಂಡಿಗೆ 50 ಸಲ ಚಿತ್ರ ಬದಲಿಸುತ್ತಿತ್ತು, ಅಮೆರಿಕ, ಜಪಾನಿನ ಎನ್‌ಟಿಎಸ್‌ಸಿ ಟಿವಿ 60 ಸಲ. ಆ ಕಾಲದ ಗೇಮ್‌ಗಳು ಕಾಲವನ್ನು ಗಡಿಯಾರದಿಂದ ಅಳೆಯುತ್ತಿರಲಿಲ್ಲ, ಬಹಳಷ್ಟು ಗೇಮ್‌ಗಳು ಫ್ರೇಮ್ ಎಣಿಸಿಕೊಂಡೇ ನಡೆಯುತ್ತಿದ್ದವು. ಒಂದು ಗುದ್ದಿಗೆ ಇಷ್ಟು ಫ್ರೇಮ್, ಬೀಳುವುದಕ್ಕೆ ಇಷ್ಟು ಫ್ರೇಮ್. 60 ಹರ್ಟ್ಸ್‌ಗೆ ಬರೆದ ಗೇಮನ್ನು ಏನೂ ತಿದ್ದದೆ 50ರಲ್ಲಿ ಬಿಟ್ಟರೆ, ಒಂದು ಸೆಕೆಂಡಿನ ಆಟ 1.2 ಸೆಕೆಂಡ್ ಹಿಡಿಯುತ್ತದೆ. ನಿಮ್ಮ ಬೆರಳು ಹಳೇ ಲಯದಲ್ಲೇ ಇದೆ. ಗೇಮ್ ನಿಧಾನ ಇದೆ. ಅದಕ್ಕೇ ಎರಡನೇ ಗುದ್ದು ಬೇಗ ಆಯಿತು ಅನ್ನಿಸುವುದು. ಮೊದಲು ಆಡಿದ್ದು ಅಮೆರಿಕದ ಡಿಸ್ಕ್ ಇರಬೇಕು.

ಇನ್ನು ಅದುರುವುದು. ನಿಮ್ಮ ಪರದೆ 60 ಹರ್ಟ್ಸ್. ಬರುತ್ತಿರುವ ಚಿತ್ರ 50. ಆರು ಜಾಗಕ್ಕೆ ಐದೇ ಚಿತ್ರ ಇವೆ, ಹಾಗಾಗಿ ಪ್ರತಿ ಐದರಲ್ಲಿ ಒಂದು ಎರಡು ಸಲ ಕಾಣುತ್ತದೆ. ಸೆಕೆಂಡಿಗೆ ಹತ್ತು ಸಲ ಹೀಗೆ ಆಗುತ್ತದೆ. ನಿಂತ ಚಿತ್ರದಲ್ಲಿ ಗೊತ್ತಾಗುವುದಿಲ್ಲ. ಗೋಡೆ ಸರಿಯುವಾಗ ಕಣ್ಣಿಗೆ ಹೊಡೆಯುತ್ತದೆ. ಎಮ್ಯುಲೇಟರ್ ಪ್ರಕಾರ 50 ಇರಬೇಕು, 50 ಇದೆ. ಅದಕ್ಕೇ 100%.

ಗುದ್ದಪ್ಪ:
ಚಿಕ್ಕಂದಿನಲ್ಲಿ ಆಡಿದ್ದು ಅಣ್ಣನ ಕನ್ಸೋಲ್‌ನಲ್ಲಿ. ಅದು ಅಮೆರಿಕದ್ದೇ. ಈ ಡಿಸ್ಕ್ ಆಮೇಲೆ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಈಗ ಏನು ಮಾಡಬೇಕು?

ಟ್ಯೂಬ್ ಟಿವಿ:
ಪಾಲ್‌ಗೆ ಸುಮ್ನೆ ಬೈಯಬೇಡಿ. ಪಾಲ್‌ನಲ್ಲಿ ಗೆರೆಗಳು ಜಾಸ್ತಿ, ಬಣ್ಣವೂ ಚೆನ್ನ. ನನ್ನ ಟಿವಿಯಲ್ಲಿ ಪಾಲ್ ಗೇಮ್ ಎಂದೂ ಅದುರಿಲ್ಲ.

ಕಪ್ಪು ಡಿಸ್ಕ್:
ನಿಮ್ಮ ಟಿವಿಯೇ 50ರಲ್ಲಿ ಓಡುತ್ತದೆ, ಇನ್ನು ಅದುರುವುದೆಲ್ಲಿ? ನಿಧಾನ ಮಾತ್ರ ಇರುತ್ತದೆ. ಪಕ್ಕದಲ್ಲಿ 60ರದ್ದು ಇಟ್ಟು ನೋಡದಿದ್ದರೆ ಅದೂ ಗೊತ್ತಾಗುವುದಿಲ್ಲ. ಗೆರೆ ಜಾಸ್ತಿ ಅನ್ನುವುದು ನಿಜ, ಆದರೆ ಎಷ್ಟೋ ಗೇಮ್‌ಗಳಲ್ಲಿ ಆ ಹೆಚ್ಚಿನ ಗೆರೆಗಳಿಗೆ ಚಿತ್ರವನ್ನೇ ಬರೆಯಲಿಲ್ಲ. ಮೇಲೆ ಕೆಳಗೆ ಕಪ್ಪು ಪಟ್ಟಿ ಬಿಟ್ಟು ಕೈತೊಳೆದುಕೊಂಡರು. ಚಿತ್ರ ಚಪ್ಪಟೆಯಾಯಿತು.

ಟ್ಯೂಬ್ ಟಿವಿ:
ಎಲ್ಲ ಗೇಮ್ ಹಾಗಲ್ಲ. ಯುರೋಪಿನಲ್ಲೇ ತಯಾರಾದ ಗೇಮ್‌ಗಳನ್ನು 50ಕ್ಕೇ ಸರಿಯಾಗಿ ಕೂರಿಸಿದವರು ಇದ್ದಾರೆ.

ಕಪ್ಪು ಡಿಸ್ಕ್:
ಒಪ್ಪುತ್ತೇನೆ. ಆ ಮಾತು ಮುಂದೆ ಬೇಕಾಗುತ್ತದೆ. ಅಂದ ಹಾಗೆ, 2018ರಲ್ಲಿ ಬಂದ ಪ್ಲೇಸ್ಟೇಷನ್ ಕ್ಲಾಸಿಕ್‌ನ 20 ಗೇಮ್‌ಗಳಲ್ಲಿ 9 ಪಾಲ್ ಆವೃತ್ತಿಯವು. ಟೆಕ್ಕನ್ 3 ಅದರಲ್ಲಿ ಒಂದು. ಆಗಲೂ ಜನ ಇದೇ ದೂರು ಹೇಳಿದ್ದರು.

ಸ್ಕ್ಯಾನ್‌ಲೈನ್:
ಪರಿಹಾರ ನಾನು ಹೇಳುತ್ತೇನೆ. ಪರದೆಯನ್ನೇ 50ಕ್ಕೆ ಇಳಿಸಿ. ನಿಮ್ಮ ಹ್ಯಾಂಡ್‌ಹೆಲ್ಡ್ ಸ್ಟೀಮ್ ಡೆಕ್ ತಾನೇ? ಎಲ್‌ಸಿಡಿ ಮಾಡೆಲ್ ಆದರೆ 40ರಿಂದ 60, ಓಲೆಡ್ ಆದರೆ 45ರಿಂದ 90. ಸೈಡ್ ಮೆನುವಿನಲ್ಲಿ ಸ್ಲೈಡರ್ ಇದೆ, ಎಳೆದು 50ಕ್ಕೆ ನಿಲ್ಲಿಸಿ.

ಗುದ್ದಪ್ಪ:
ಡೆಕ್ ಅಲ್ಲ. ವಿಂಡೋಸ್ ಇರುವುದು. ಇದರ ಪರದೆಯಲ್ಲಿ 60 ಮತ್ತು 120 ಬಿಟ್ಟರೆ ಬೇರೆ ಆಯ್ಕೆ ಇಲ್ಲ.

ಡಿಪ್ಯಾಡ್ ದಾಸ:
ಹ್ಯಾಂಡ್‌ಹೆಲ್ಡ್ ಯಾವುದು ಅಂತ ನಾನು ಕೇಳಿದ್ದು ಇದಕ್ಕೇ.

ಸ್ಕ್ಯಾನ್‌ಲೈನ್:
120 ಕೂಡ ಪೂರ್ತಿ ಉಪಯೋಗ ಇಲ್ಲ. 50ರಿಂದ ಭಾಗಿಸಿದರೆ 2.4, ಒಂದು ಚಿತ್ರ ಎರಡು ಸಲ, ಇನ್ನೊಂದು ಮೂರು ಸಲ ಬರುತ್ತದೆ. ಅದುರು ಕಡಿಮೆ ಅನ್ನಿಸಬಹುದು, ಹೋಗುವುದಿಲ್ಲ. ಪರದೆಗೆ ವಿಆರ್‌ಆರ್ (ಬರುವ ಚಿತ್ರಕ್ಕೆ ತಕ್ಕಂತೆ ಪರದೆಯ ವೇಗ ಬದಲಿಸುವ ಸೌಲಭ್ಯ) ಇದ್ದರೆ ಆನ್ ಮಾಡಿ. ಅದರ ಮಿತಿ 48ರಿಂದ ಶುರುವಾದರೂ ಸಾಕು, 50 ಒಳಗೇ ಬಂತು. ಟಿವಿಗೆ ಬೇರೆ ದಾರಿ ಇದೆ. ವಿಂಡೋಸ್ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಟಿವಿಯನ್ನು ಆರಿಸಿ ರಿಫ್ರೆಶ್ ರೇಟ್ ಪಟ್ಟಿ ತೆಗೆಯಿರಿ. ಬಹಳಷ್ಟು ಟಿವಿಗಳು 50 ಒಪ್ಪುತ್ತವೆ.

ಗುದ್ದಪ್ಪ:
ಟಿವಿ ಪಟ್ಟಿಯಲ್ಲಿ 50 ಇದೆ! ಹಾಕಿದೆ. ಗೋಡೆ ಈಗ ನುಣ್ಣಗೆ ಸರಿಯುತ್ತಿದೆ. ಅಬ್ಬಾ. ಆದರೆ ಗುದ್ದು ಇನ್ನೂ ನೀರಿನೊಳಗೆ ಗುದ್ದಿದ ಹಾಗೆ ಇದೆ.

ಕಪ್ಪು ಡಿಸ್ಕ್:
ಪರದೆ ಬದಲಿಸಿದರೆ ಅದುರು ಹೋಗುತ್ತದೆ, ನಿಧಾನ ಹೋಗುವುದಿಲ್ಲ. ಅದಕ್ಕೆ ಡಕ್‌ಸ್ಟೇಷನ್‌ನ ಕನ್ಸೋಲ್ ಸೆಟ್ಟಿಂಗ್‌ನಲ್ಲಿ ಎನ್‌ಟಿಎಸ್‌ಸಿ ಟೈಮಿಂಗ್ ಬಲವಂತ ಮಾಡುವ ಆಯ್ಕೆ ಇದೆ. ಟಿವಿಯನ್ನು ವಾಪಸ್ 60ಕ್ಕೆ ಹಾಕಿ, ಆಮೇಲೆ ಅದನ್ನು ಆನ್ ಮಾಡಿ. ಆದರೆ ಈ ಗೇಮ್‌ಗೆ ಮಾತ್ರ ಮಾಡಿ, ಎಲ್ಲದಕ್ಕೂ ಬೇಡ. ಟ್ಯೂಬ್ ಟಿವಿ ಹೇಳಿದ ಹಾಗೆ 50ಕ್ಕೇ ಹದ ಮಾಡಿದ ಗೇಮ್ ಇದ್ದರೆ, ಅದು ಫಾಸ್ಟ್ ಫಾರ್ವರ್ಡ್ ಮಾಡಿದ ಕ್ಯಾಸೆಟ್ ಥರ ಜೋರಾಗಿ ಓಡುತ್ತದೆ. ಕೆಲವು ಗೇಮ್‌ಗಳಲ್ಲಿ ವಿಡಿಯೋ ಬರುವಾಗ ಸದ್ದು ಹಿಂದೆ ಮುಂದೆ ಆಗುವುದೂ ಉಂಟು.

ಗುದ್ದಪ್ಪ:
ಕೂಡಿತು! ಹತ್ತು ಹೊಡೆತದ ಸರಣಿ ಪೂರ್ತಿ ಬಿತ್ತು! ಬೆರಳಿಗೆ ಏನೂ ಮರೆತಿಲ್ಲ. ಕಪ್ಪು ಡಿಸ್ಕ್ ಅವರೇ, ನಿಮಗೆ ದೊಡ್ಡ ನಮಸ್ಕಾರ.

ವ್ಯಾಟ್ ವೀರ:
ಒಳ್ಳೆಯದಾಯಿತು. ಟಿಡಿಪಿ 15ರಲ್ಲೇ ಇದೆಯಲ್ಲ? ಇರಲಿ ಬಿಡಿ, ಇಳಿಸಬೇಡಿ.

ಕಪ್ಪು ಡಿಸ್ಕ್:
ಇಳಿಸಿ. ಬ್ಯಾಟರಿ ಸುಮ್ಮನೆ ಸುಡುತ್ತಿದೆ.

ಸ್ಕ್ಯಾನ್‌ಲೈನ್:
ಇಷ್ಟೆಲ್ಲ ಸರ್ಕಸ್ ಯಾಕೆ, ಅಮೆರಿಕದ ಡಿಸ್ಕ್ ಒಂದು ಹುಡುಕಿ ತಗೊಂಡರೆ ಮುಗಿಯಿತಲ್ವಾ? ಮೂಲದಲ್ಲೇ 60.

ಗುದ್ದಪ್ಪ:
ತಗೊಳ್ಳಬಹುದು. ಆದರೆ ನನ್ನ ಸೇವ್ ಎಲ್ಲ ಪಾಲ್ ಡಿಸ್ಕ್‌ನದ್ದು. ಅದು ಕೆಲಸ ಮಾಡುತ್ತದಾ? ಡಾಕ್ಟರ್ ಬಾಸ್ಕೊನೊವಿಚ್ ಪಾತ್ರ ಬೇಕು ಅಂದರೆ ಗೇಮ್‌ನ ಟೆಕ್ಕನ್ ಫೋರ್ಸ್ ಮೋಡ್ ನಾಲ್ಕು ಸಲ ಮುಗಿಸಬೇಕು. ಇನ್ನೊಂದು ಸಲ ನನ್ನಿಂದ ಆಗುವುದಿಲ್ಲ.

ಬ್ಲಾಕ್ 15:
ನೇರವಾಗಿ ಆಗುವುದಿಲ್ಲ. ಪಿಎಸ್1 ಮೆಮೊರಿ ಕಾರ್ಡ್ 128 ಕೆಬಿ, ಅದರಲ್ಲಿ ಬಳಕೆಗೆ ಸಿಗುವುದು 15 ಬ್ಲಾಕ್. ಪ್ರತಿ ಸೇವ್‌ನ ಹೆಸರು ಪ್ರಾಂತ್ಯದ ಗುರುತಿನಿಂದ ಶುರುವಾಗುತ್ತದೆ. ಯುರೋಪ್ ಆದರೆ ಬಿಇ, ಅಮೆರಿಕ ಆದರೆ ಬಿಎ, ಜಪಾನ್ ಆದರೆ ಬಿಐ. ಅದರ ಹಿಂದೆಯೇ ಡಿಸ್ಕ್ ಕೋಡ್. ಅಮೆರಿಕದ ಗೇಮ್ ತನ್ನ ಕೋಡ್ ಇರುವ ಸೇವ್ ಹುಡುಕುತ್ತದೆ. ನಿಮ್ಮದು ಕಾರ್ಡ್‌ನಲ್ಲಿ ಕೂತಿದ್ದರೂ ಅದರ ಕಣ್ಣಿಗೆ ಬೀಳುವುದಿಲ್ಲ.

ಮೆಮ್‌ಕಾರ್ಡ್‌ರೆಕ್ಸ್ ಅನ್ನುವ ಪ್ರೋಗ್ರಾಂ ಇದೆ. ಅದರಲ್ಲಿ ಕಾರ್ಡ್ ಫೈಲ್ ತೆರೆದು, ಸೇವ್‌ನ ಹೆಡರ್‌ನಲ್ಲಿ ಪ್ರಾಂತ್ಯ ಮತ್ತು ಕೋಡ್ ಬದಲಿಸಬಹುದು. ಒಳಗಿನ ಡೇಟಾ ಎರಡೂ ಕಡೆ ಒಂದೇ ಥರ ಇದ್ದರೆ ಗೇಮ್ ಒಪ್ಪುತ್ತದೆ. ಇಲ್ಲದಿದ್ದರೆ ಸೇವ್ ಹಾಳಾಗಿದೆ ಅನ್ನುತ್ತದೆ. ಏನೇ ಮಾಡುವ ಮೊದಲು ಕಾರ್ಡ್ ಫೈಲನ್ನು ಕಾಪಿ ಮಾಡಿ ಬೇರೆ ಫೋಲ್ಡರ್‌ನಲ್ಲಿ ಇಡಿ.

ಗುದ್ದಪ್ಪ:
ಹಾಗಾದರೆ ಬೇಡ. ಪಾಲ್ ಡಿಸ್ಕ್, 60ರ ಟೈಮಿಂಗ್, ನನ್ನ ಸೇವ್. ಹೀಗೇ ಇರಲಿ.

ಟ್ಯೂಬ್ ಟಿವಿ:
ಒಮ್ಮೆ ಟ್ಯೂಬ್‌ನಲ್ಲಿ ಆಡಿ ನೋಡಿ. ಟೆಕ್ಕನ್ 3 ಇಂಟರ್‌ಲೇಸ್ ಚಿತ್ರ, ಅಂದರೆ ಒಂದು ಬಿಟ್ಟು ಒಂದು ಗೆರೆಯ ಅರ್ಧರ್ಧ ಚಿತ್ರ, ಕೊಡುತ್ತದೆ. ನಿಮ್ಮ ಎಲ್‌ಸಿಡಿಯಲ್ಲಿ ಅದನ್ನು ಹೊಲಿದು ಜೋಡಿಸಬೇಕು.

ಸ್ಕ್ಯಾನ್‌ಲೈನ್:
ಡೀಇಂಟರ್‌ಲೇಸ್ ಅಡಾಪ್ಟಿವ್ ಹಾಕಿದರೆ ಸಾಕು. ನಾನು 4ಕೆ ಓಲೆಡ್‌ನಲ್ಲಿ ಟ್ಯೂಬ್ ಟಿವಿಯ ನೋಟ ಕೊಡುವ ಸಿಆರ್‌ಟಿ ಶೇಡರ್ ಹಾಕಿ ಆಡುತ್ತೇನೆ, ಸೊಟ್ಟ ತಿದ್ದುವ ಪಿಜಿಎಕ್ಸ್‌ಪಿ ಆನ್. ಗೋಡೆಯ ಚಿತ್ರ ಸೊಟ್ಟಗಾಗುವುದೂ ಇಲ್ಲ.

ಟ್ಯೂಬ್ ಟಿವಿ:
ಸೊಟ್ಟಗಾಗುವುದೇ ಪಿಎಸ್1ರ ಅಂದ. ಅದನ್ನೂ ನೆಟ್ಟಗೆ ಮಾಡಿದರೆ ಇನ್ನೇನು ಉಳಿಯಿತು?

ಹೊಸಬ:
ನಡುವೆ ಬಂದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ನನ್ನದೂ ಪಾಲ್ ಡಿಸ್ಕ್. ಅದುರು ಏನೂ ಇಲ್ಲ. ಆದರೆ ಒಂದು ಜಾಗಕ್ಕೆ ಬಂದ ಕೂಡಲೇ ಗೇಮ್ ಕಲ್ಲಿನ ಹಾಗೆ ನಿಂತುಬಿಡುತ್ತದೆ. ಪ್ರತಿ ಸಲ ಅದೇ ಜಾಗ.

ವ್ಯಾಟ್ ವೀರ:
ಟಿಡಿಪಿ ಎಷ್ಟಿದೆ?

ಕಪ್ಪು ಡಿಸ್ಕ್:
ಲಿಬ್‌ಕ್ರಿಪ್ಟ್ ಇರಬಹುದು. ಕೆಲವು ಪಾಲ್ ಡಿಸ್ಕ್‌ಗಳಲ್ಲಿ ಮಾತ್ರ ಇದ್ದ ಕಾಪಿ ತಡೆ. ಮಾಮೂಲಿ ರೀತಿ ಕಾಪಿ ಮಾಡಿದರೆ ಅದರ ಗುರುತು ಬಿಟ್ಟುಹೋಗುತ್ತದೆ, ಗೇಮ್ ಮಧ್ಯದಲ್ಲಿ ಪರೀಕ್ಷೆ ಮಾಡಿ ನಿಂತುಬಿಡುತ್ತದೆ. ಡಿಸ್ಕ್ ಫೈಲ್ ಪಕ್ಕದಲ್ಲಿ ಆ ಗುರುತು ಇರುವ, ಅದೇ ಹೆಸರಿನ ಎಸ್‌ಬಿಐ ಫೈಲ್ ಇರಬೇಕು. ಆದರೆ ಇಲ್ಲಿ ಬೇಡ, ಬೇರೆ ಚರ್ಚೆ ಶುರು ಮಾಡಿ. ಗೇಮ್ ಹೆಸರು, ಡಿಸ್ಕ್ ಕೋಡ್, ಯಾವುದರಿಂದ ಕಾಪಿ ಮಾಡಿದಿರಿ, ಮೂರನ್ನೂ ಮೊದಲ ಸಾಲಿನಲ್ಲೇ ಬರೆಯಿರಿ.