ಮಣೂಕದ ಪಡದಾಗ ವೈನ್ ದ್ರಾಕ್ಷಿ ಹಚ್ಚಬೇಕಂತ ವಿಚಾರ ಅದ, ತಿಳಿದವರು ಹೇಳ್ರಿ

ತಿಕೋಟಾ_ಪಡ:

ಎಲ್ಲಾರಿಗೂ ನಮಸ್ಕಾರ್ರೀ. ನಮ್ಮದು ತಿಕೋಟಾ ಹತ್ರ ನಾಕ್ ಎಕರೆ ದ್ರಾಕ್ಷಿ ಪಡ ಅದ, ಮೂರ್ ಎಕರೆ ಥಾಮ್ಸನ್, ಒಂದ್ ಎಕರೆ ಮಾಣಿಕ್ ಚಮನ್, ಎರಡೂ ಬೀಜ ಇಲ್ದ ತಳಿ. ಎಲ್ಲಾ ಮಣೂಕಕ್ಕ ಹೋಗ್ತದ, ಶೆಡ್ ನಮ್ಮದ ಅದ, ಮಾಲು ತಾಸಗಾಂವ್ ಪ್ಯಾಟಿಗಿ ಹಾಕ್ತೀವಿ. ರೇಟಿನ ಕತಿ ನಿಮಗ ನಾ ಹೇಳೂದೇನದ, ನಾಕ್ ಕಿಲೋ ಹಣ್ಣು ಒಣಗಿಸಿದ್ರ ಒಂದ್ ಕಿಲೋ ಮಣೂಕ, ಔಷಧ, ಆಳು, ಶೆಡ್ಡಿನ ಖರ್ಚು ಎಲ್ಲಾ ತಗದ್ರ ಕೈಯಾಗ ಉಳಿಯೂದು ಭಾಳ ಕಡಿಮಿ.

ಈಗ ಏನಾಗ್ಯದಂದ್ರ ನಮ್ಮ ಕಾಕಾನ ಮಗ ಬೆಂಗಳೂರಾಗ ಇರ್ತಾನ, ದೀಪಾವಳಿಗಿ ಬಂದಾಂವ ಒಂದ ಸವನ ಹಚ್ಚಿ ಬಿಟ್ಟಾನ, ಅಣ್ಣಾ ನೀವು ಒಣಗಿಸಿ ಕಿಲೋ ಲೆಕ್ಕದಾಗ ಮಾರ್ತೀರಿ, ನಾಸಿಕ್ ಮಂದಿ ಅದ ದ್ರಾಕ್ಷಿ ಬಾಟ್ಲಿಗಿ ತುಂಬಿ ಮಾರ್ತಾರ, ಮಾಣಿಕ್ ಚಮನ್ ಕಡದು ಆ ಒಂದ್ ಎಕರೆಕ್ಕ ಕ್ಯಾಬರ್ನೆ ಅನ್ನೂ ಕೆಂಪು ವೈನಿನ ದ್ರಾಕ್ಷಿ ಹಚ್ಚೂಣು ಅಂತ. ಅದು ಆಗೂತನ ಇರೂ ಥಾಮ್ಸನ್‌ದಾಗ ಸ್ವಲ್ಪ ವೈನ್ ಮಾಡಿ ನೋಡೂಣು ಅಂತಾನ. ನಮ್ಮ ಅಪ್ಪಾರು ಈ ಮಾತ ಕೇಳಿ ಎರಡ್ ದಿನ ಅವನ ಕೂಡ ಮಾತಾಡ್ಲಿಲ್ಲ, ಅದು ಬ್ಯಾರೆ ವಿಷಯ.

ನನ್ನ ಪ್ರಶ್ನೆ ಇಷ್ಟ. ಥಾಮ್ಸನ್‌ದಾಗ ವೈನ್ ಆಗ್ತದೋ ಇಲ್ಲೋ? ನಮ್ಮ ಬಿಸಲಾಗ ಕ್ಯಾಬರ್ನೆ ಬರ್ತದೇನು? ತಗೋಳೋರು ಯಾರು? ಇನ್ನೊಂದು, ನಗಬ್ಯಾಡ್ರಿ, ನಾ ಒಂದ್ ಸಲ ಗೆಳೆಯಾನ ಲಗ್ನದ ಪಾರ್ಟ್ಯಾಗ ಕೆಂಪು ವೈನ್ ಕುಡದೀನಿ, ಬಾಯಿ ಒಗರು ಒಗರು ಆಗಿ ಉಗುಳೂ ಹಂಗ ಆಗಿತ್ತು. ಮಂದಿ ಅದ್ರಾಗ ಏನ್ ಸುಖಾ ಕಾಣ್ತಾರ ಅನ್ನೂದಾ ತಿಳೀದ ನಾ ಅದನ್ನ ಬೆಳೆಯೂದು ಹೆಂಗ?

ತೆಲಸಂಗ_ರೈತ:

ತಮ್ಮಾ, ಮದಲ ಕೊಡ್ಲಿ ಕೆಳಗ ಇಡು. ಮಾಣಿಕ್ ಚಮನ್ ಕಡೀಬ್ಯಾಡ.

ನಾವೂ ಅಥಣಿ ತಾಲೂಕಿನ ಮಂದಿ, ದ್ರಾಕ್ಷಿ ಬಿಟ್ರ ಬ್ಯಾರೆ ಗೊತ್ತಿಲ್ಲ. ಥಾಮ್ಸನ್, ಮಾಣಿಕ್ ಚಮನ್ ಇದ್ದವಂಗ ಮೂರ್ ಬಾಗ್ಲಾ ಅದಾವು, ರೇಟ್ ಇದ್ರ ಹಸೀ ಹಣ್ಣ ವ್ಯಾಪಾರಿಗಿ ಕೊಡ್ತಾನ, ಇಲ್ಲಂದ್ರ ಮಣೂಕ ಮಾಡ್ತಾನ, ಅದೂ ಆಗ್ಲಿಲ್ಲಂದ್ರ ಜ್ಯೂಸಿನವರಿಗಿ ಹಾಕ್ತಾನ. ಮಣೂಕ ಕೋಲ್ಡ್ ಸ್ಟೋರೇಜ್‌ನಾಗ ಇಟ್ಟು ಆರ್ ತಿಂಗಳು ಕಾಯಾಕೂ ಬರ್ತೈತಿ. ಕ್ಯಾಬರ್ನೆಗಿ ಒಂದ ಬಾಗ್ಲಾ, ವೈನರಿ ಗೇಟು. ಅದರ ಕಾಳು ಸಣ್ಣದು, ದಪ್ಪ ಸಿಪ್ಪಿ, ಒಳಗ ಬೀಜಾ. ಸಂತ್ಯಾಗ ಇಟ್ರ ಯಾರೂ ಕೈ ಹಚ್ಚೂದಿಲ್ಲ, ಒಣಗಿಸಿದ್ರ ಬೀಜದ ಮಣೂಕ ಯಾವ ಅಡತಿಯವನೂ ತಗೋಳೂದಿಲ್ಲ. ವೈನರಿಯವ ಈ ವರ್ಷ ಬ್ಯಾಡ ಅಂದ್ರ ನೀ ಅದನ್ನ ದನಕ್ಕ ಹಾಕಬೇಕು.

ಇದು ಬರೇ ಹೆದರಿಸೂ ಮಾತಲ್ಲ. ನಾಸಿಕ್ ಕಡೆ 2009-10ರ ಸುಮಾರಿಗಿ ಇದ ಆಗಿತ್ತು. ಅದಕ್ಕೂ ಮುಂಚೆ ವೈನಿಗಿ ಭಾಳ ಬೇಡಿಕಿ ಐತಿ ಅಂತ ರೈತರು ಮುಗಿಬಿದ್ದು ಹಚ್ಚಿದ್ರು, ಆಮ್ಯಾಲ ಮುಂಬೈ ದಾಳಿ, ಜಗತ್ತಿನ ತುಂಬ ಮಂದಿ ಕೈಯಾಗ ರೊಕ್ಕಿಲ್ಲ, ಹೋಟೆಲ್ ಖಾಲಿ, ವೈನ್ ಟ್ಯಾಂಕಿನಾಗ ಹಂಗ ಉಳೀತು, ಕಂಪನಿಯವರು ಹಣ್ಣ ತಗೋಳೂದು ಕಡಿಮಿ ಮಾಡಿದ್ರು. ಎಷ್ಟೋ ರೈತರು ವೈನ್ ಬಳ್ಳಿ ಕಿತ್ತಿ ಹೊಳ್ಳಿ ಥಾಮ್ಸನ್ ಹಚ್ಚಿದ್ರು.

ಖರ್ಚಿನ ಬಾಜೂದಿಂದ ನೋಡಿದ್ರ ವೈನ್ ದ್ರಾಕ್ಷಿ ಚಲೋನ, ಅದೂ ಹೇಳ್ತೀನಿ. ಎಪ್ರಿಲ್ ಚಾಟ್ನಿ (ಬಳ್ಳಿ ಸವರೂದು), ಅಕ್ಟೋಬರ್ ಚಾಟ್ನಿ ಎರಡೂ ನಮ್ಮ ಹಂಗ, ಕಣ್ಣ ಒಡಸೂ ಔಷಧ ಡಾರ್ಮೆಕ್ಸ್ ಹಚ್ಚೂದೂ ಹಂಗ. ಆದ್ರ ಜಿಎ ಡಿಪ್ಪಿಂಗ್ (ಕಾಳು ಉಬ್ಬೂ ಹಂಗ ಗೊನಿ ಔಷಧದಾಗ ಅದ್ದೂದು) ಇಲ್ಲ, ಕಾಳು ತಿನ್ನಿಂಗ್ (ವಿರಳ) ಮಾಡೂ ಹೆಣ್ಣಾಳು ಬೇಕಿಲ್ಲ, ಒಣಗಿಸೂ ಮುಂದ ಹಚ್ಚೂ ಮಣೂಕದ ಎಣ್ಣಿ ಇಲ್ಲ, ಶೆಡ್ ಇಲ್ಲ. ಇಳುವರಿ ಮಾತ್ರ ಕಡಿಮಿ, ನೀ ಥಾಮ್ಸನ್ ಎಕರೆಕ್ಕ 10-12 ಟನ್ ತಗದ್ರ ಇಲ್ಲಿ 4-5 ಟನ್‌ಗಿ ನಿಲ್ಲಸ್ತಾರ, ಹೆಚ್ಚ ಗೊನಿ ಬಿಟ್ರ ರಸ ನೀರಾಗ್ತೈತಿ ಅಂತ ಕಂಪನಿಯವರ ಮಂದಿನ ಬಂದು ಹಸೀ ಗೊನಿ ಕಡದು ಚೆಲ್ಲಸ್ತಾರ. ನಿಮ್ಮ ಅಪ್ಪಾರು ಅದನ್ನ ನೋಡಿದ್ರ ಮಾತ ಬಿಡೂದು ಎರಡ್ ದಿನಕ್ಕ ಮುಗಿಯೂದಿಲ್ಲ.

ಕರಾರು ಕಾಗದದ ಮ್ಯಾಲ ಬೇಕು, ಎಷ್ಟ್ ವರ್ಷ ತಗೋತಾರ, ಬ್ರಿಕ್ಸ್ (ರಸದಾಗಿನ ಸಕ್ಕರಿ ಅಳತಿ) ಎಷ್ಟಕ್ಕ ಎಷ್ಟ್ ರೇಟು, ಮಳಿ ಬಂದು ಕಾಳು ಸೀಳಿದ್ರ ಯಾರ ಮೈಮ್ಯಾಲ. ಬಳ್ಳಿ ಫಲಾ ಕೊಡಾಕ ಎರಡ್ ಮೂರ್ ವರ್ಷ ಬೇಕು, ಹದಿನೈದ್ ವರ್ಷ ನಿಲ್ಲೂ ಬೆಳಿಗಿ ಫೋನಿನಾಗ ಆದ ಮಾತು ನಂಬಿ ತಂತಿ ಕಟ್ಟಬ್ಯಾಡ.

ಸೆಲ್ಲಾರ್_ಜಮಖಂಡಿ:

ನಾ ಜಮಖಂಡಿಯಾಂವ, ಈಗ ನಾಸಿಕ್ ಕಡೆ ಒಂದ್ ವೈನರಿ ಸೆಲ್ಲಾರ್‌ದಾಗ ಕೆಲಸ. ತೆಲಸಂಗದ ಕಾಕಾರು ಹೇಳಿದ್ದು ಬರೋಬ್ಬರಿ ಐತಿ, ನಾ ವೈನ್ ಮಾಡೂ ಕಡೆಯಿಂದ ಹೇಳ್ತೀನಿ.

ಥಾಮ್ಸನ್‌ದಾಗ ವೈನ್ ಆಗ್ತೈತಿ. ಅಮೆರಿಕಾದ ಕ್ಯಾಲಿಫೋರ್ನಿಯಾದಾಗ ಒಂದ್ ಕಾಲಕ್ಕ ಇದ ಥಾಮ್ಸನ್ ತಿನ್ನಾಕ, ಮಣೂಕಕ್ಕ, ಅಗ್ಗದ ವೈನಿಗಿ ಮೂರಕ್ಕೂ ಬಳಸ್ತಿದ್ರು. ಆಗ್ತೈತಿ, ಆದ್ರ ಕುಡದವರು ಇನ್ನೊಂದ್ ಗ್ಲಾಸ್ ಕೇಳೂದಿಲ್ಲ. ಸಕ್ಕರಿ ಕಡಿಮಿ ಅಂತಲ್ಲ, ಮಣೂಕಕ್ಕ ನೀವು ಬ್ರಿಕ್ಸ್ ಮೀಟರ್ ಹಿಡದು 22 ದಾಟಿಸೇ ಕೊಯ್ತೀರಿ, ವೈನಿಗೂ 22-24 ಬೇಕು. ಲೀಟರ್‌ಗಿ ಸುಮಾರು 17 ಗ್ರಾಂ ಸಕ್ಕರಿ ಈಸ್ಟ್ ತಿಂದ್ರ ಒಂದ್ ಪರ್ಸೆಂಟ್ ಆಲ್ಕೋಹಾಲ್, ಆ ಲೆಕ್ಕದಾಗ 12-13 ಪರ್ಸೆಂಟ್ ಬಂದ ಬರ್ತೈತಿ. ಸಕ್ಕರಿ ಏರೂತನ ನಮ್ಮ ಬಿಸಲಾಗ ಥಾಮ್ಸನ್‌ದ ಹುಳಿ ಇಳದು ಹೋಗಿರ್ತೈತಿ, ಮ್ಯಾಲ ಅದಕ್ಕ ತನ್ನದ ಅಂತ ವಾಸನಿ ಇಲ್ಲ. ಜಿಎ ಕೊಟ್ಟು ಕಾಳು ಉಬ್ಬಿಸಿರ್ತೀರಿ, ಅಂದ್ರ ರಸ ಭಾಳ ಸಿಪ್ಪಿ ಕಡಿಮಿ, ವೈನಿನ ಬಣ್ಣ ಘಮ ಒಗರು ಎಲ್ಲಾ ಇರೂದು ಸಿಪ್ಪ್ಯಾಗ. ಸಣ್ಣ ಕಾಳಿನ ಕ್ಯಾಬರ್ನೆ, ಶಿರಾಜ್ ಯಾಕ ಬೇಕು ಅಂದ್ರ ಇದಕ್ಕ.

ಬಿಸಲಿನ ಮಾತು. ಬರ್ತೈತಿ ಅನ್ನಾಕ ದೂರ ಹೋಗೂದ ಬ್ಯಾಡ, ನಿಮ್ಮ ಮ್ಯಾಲಿನ ಸೋಲಾಪುರ ಜಿಲ್ಲಾದ ಅಕಲೂಜ್ ಕಡೆ ಫ್ರಾಟೆಲ್ಲಿ ವೈನ್ ಕಂಪನಿಯವರು ಕ್ಯಾಬರ್ನೆ, ಸಾಂಜಿಯೊವೇಸೆ ಅನ್ನೂ ಕೆಂಪು ವೈನಿನ ತಳಿ ಬೆಳೀತಾರ, ಹವಾ ನಿಮ್ಮದ ಇದ್ದಂಗ. ಹಂಪಿ ಗುಡ್ಡದ ಬಾಜೂಕ ಕೃಷ್ಮಾ ವೈನರಿ ಐತಿ. ಈ ಕಡೆ ರಾತ್ರಿ ತಂಪು ಬೀಳೂ ಜನವರಿ ಫೆಬ್ರವರಿದಾಗ ಹಣ್ಣ ಪಕ್ವ ಆಗೂ ಹಂಗ ಚಾಟ್ನಿ ತಾರೀಖ ಹಿಡೀಬೇಕು, ಮಾರ್ಚಿನ ಉರಿಗಿ ಬಿಟ್ರ ಹುಳಿ ಹೋತು. ಬೆಳಗಿನ್ಯಾಗ ನಾಕಕ್ಕ ತಲಿಗಿ ಲೈಟ್ ಕಟ್ಕೊಂಡು ಕೊಯ್ತಾರ, ಸೂರ್ಯ ಏರೂದ್ರಾಗ ಕ್ರೇಟ್ ವೈನರಿ ಒಳಗ ಇರಬೇಕು. ಕೊಯ್ಯಾಕ ಬ್ರಿಕ್ಸ್ ಒಂದ ನೋಡಿದ್ರ ಸಾಲೂದಿಲ್ಲ, ಸಾಲಿನಾಗ ತಿರಗಿ ಅಲ್ಲೊಂದು ಇಲ್ಲೊಂದು ಕಾಳು ಬಾಯಾಗ ಹಾಕ್ಕೊಂಡು ಬೀಜಾ ಕಡೀತೀವಿ. ಹಸರ ಇದ್ದು ಕಹಿ ಆದ್ರ ಇನ್ನೂ ಟೈಮ್ ಐತಿ, ಕಂದು ಬಣ್ಣ ಬಂದು ಹುರಿದ ಕಾಳಿನಂಗ ಕಟಕ್ ಅಂದ್ರ ನಾಳೆ ಆಳು ಕರೀರಿ ಅಂತ.

ಒಳಗಿನ ಕೆಲಸ ನೋಡಿದವರಿಗಿ ಈ ಧಂದೆದಾಗ ರೊಕ್ಕ ಎಲ್ಲಿ ಹೋಗ್ತೈತಿ ಅಂತ ತಿಳೀತೈತಿ. ರಸ ಹುದಗಾಕ ಹತ್ತಿದ್ರ ತಾನ ಕಾಯ್ತೈತಿ, ಬಿಳೀ ವೈನ್ 14-16 ಡಿಗ್ರಿಗಿ ಹಿಡೀಬೇಕು, ಕೆಂಪಂದ್ರ 25-28, ಹೊರಗ ಬಿಸಲು 36 ಇರ್ತೈತಿ. 35 ದಾಟಿದ್ರ ಈಸ್ಟ್ ಸುಸ್ತಾಗಿ ನಡುವ ನಿಂತ ಬಿಡ್ತೈತಿ, ಅರ್ಧಾ ಸಿಹಿ ಅರ್ಧಾ ಹುಳಿ ಟ್ಯಾಂಕ್ ಕೈಯಾಗ ಉಳೀತೈತಿ. ಅದಕ್ಕ ಟ್ಯಾಂಕಿನ ಸುತ್ತ ತಣ್ಣೀರ ಹರಿಯೂ ಜಾಕೆಟ್, ಚಿಲ್ಲರ್, ಜನರೇಟರ್. ಕೆಂಪಿನಾಗ ಸಿಪ್ಪಿ ಎಲ್ಲಾ ಮ್ಯಾಲ ತೇಲಿ ಗಟ್ಟಿ ಪದರ ಕಟ್ತೈತಿ, ಕೆಳಗಿನ ರಸ ಪಂಪಿನಿಂದ ಎತ್ತಿ ಅದರ ಮ್ಯಾಲ ದಿನಾ ಎರಡ್ ಮೂರ್ ಸಲ ಸುರೂತೀವಿ, ಬಣ್ಣ ಇಳೀಬೇಕಲ್ಲ. ಆ ಹೊತ್ತಿನ್ಯಾಗ ಟ್ಯಾಂಕಿನ ಬಾಯಿಗಿ ಮುಖಾ ಹಾಕಿದ್ರ ಗ್ಯಾಸ್ ಮೂಗಿಗಿ ಹೊಡದು ಕಣ್ಣಾಗ ನೀರು, ಒಳಗ ಇಳದ್ರಂತೂ ಜೀವಾನ ಹೋಗ್ತೈತಿ, ಹೊಸಾ ಹುಡುಗರಿಗಿ ಮದಲ ಕಲಸೂದು ಇದನ್ನ.

ನಿಮ್ಮ ತಮ್ಮಗ ಒಂದ್ ಮಾತ ಹೇಳ್ರಿ, ಮನ್ಯಾಗ ಡ್ರಮ್ಮಿನಾಗ ಹಾಕೂ ವಿಚಾರ ಬಿಡಲಿ. ಅಬಕಾರಿ ಲೈಸೆನ್ಸ್ ಇಲ್ದ ವೈನ್ ಮಾಡೂದು ಕಾನೂನಿಗಿ ವಿರುದ್ಧ. ನಮ್ಮ ರಾಜ್ಯದಾಗ 2007ರಿಂದ ವೈನ್ ನೀತಿ ಐತಿ, ಬೆಂಗಳೂರಾಗ ವೈನ್ ಬೋರ್ಡ್ ಐತಿ, ಮದಲ ಅಲ್ಲಿ ಕೇಳ್ಲಿ. ಬೆಂಗಳೂರಾಗ ಇರ್ತಾನಂದ್ರ ಅವನ ಹೋಗ್ಲಿ, ಬರೇ ಐಡಿಯಾ ಕೊಟ್ರ ಆಗೂದಿಲ್ಲ.

ಟಿಳಕವಾಡಿ_ಸಂಜಿ:

ರೈತರ ನಡುವ ಬರೇ ಕುಡಿಯೂ ಮನಷ್ಯಾ ಬಾಯಿ ಹಾಕಾಕತ್ತೀನಿ, ಕ್ಷಮಾ ಇರ್ಲಿ 😄 ಕಡೀ ಪ್ರಶ್ನೆ ನನಗ ಬಿಡ್ರಿ.

ಲಗ್ನದ ಪಾರ್ಟ್ಯಾಗ ಕೆಂಪು ವೈನ್ ಕೆಟ್ಟ ಅನಿಸಿದ್ರಾಗ ಅರ್ಧಾ ತಪ್ಪು ಬಿಸಲಿಂದು. ರೂಮ್ ಟೆಂಪರೇಚರ್‌ಗಿ ಕುಡೀಬೇಕು ಅಂತ ಯಾರೋ ಹೇಳಿರ್ತಾರ, ಆ ರೂಮು ಯುರೋಪಿಂದು, 16-18 ಡಿಗ್ರಿ. ಎಪ್ರಿಲ್ ತಿಂಗಳ ವಿಜಯಪುರದ ಮಂಗಲ ಕಾರ್ಯಾಲಯದಾಗ ಟೇಬಲ್ ಮ್ಯಾಲ ಇಟ್ಟ ಬಾಟ್ಲಿ ಅಂದ್ರ ಕಾದ ಸ್ಪಿರಿಟ್ ವಾಸನಿ ಬಿಟ್ರ ಏನೂ ತಿಳಿಯೂದಿಲ್ಲ. ಕೆಂಪು ಇದ್ರೂ ಅರ್ಧಾ ತಾಸ ಫ್ರಿಜ್ಜಿನಾಗ ಇಟ್ಟ ತಗೀರಿ. ಬಿಳೀದು 8-10 ಡಿಗ್ರಿ, ಪೂರಾ ತಣ್ಣಗ.

ಒಗರಿಂದು ಹೇಳ್ತೀನಿ. ಅದು ಟ್ಯಾನಿನ್, ಸಿಪ್ಪಿ ಬೀಜದಾಗಿಂದ ಬರ್ತೈತಿ. ಚಹಾ ಪುಡಿ ಭಾಳೊತ್ತು ಕುದಿಸಿ ಹಾಲ ಹಾಕದ ಕುಡದ್ರ ನಾಲಿಗಿ ಹೆಂಗ ಬಿಗೀತೈತಿ, ಹಂಗ. ಹಾಲ ಹಾಕಿದ ಕೂಡ್ಲೆ ಚಹಾ ಮೆತ್ತಗಾಗೂದು ಯಾಕಂದ್ರ ಹಾಲಿನ ಪ್ರೋಟೀನ್ ಆ ಟ್ಯಾನಿನ್ ಹಿಡಕೋತೈತಿ, ಕೆಂಪು ವೈನ್ ಕೂಡ ಮಟನ್ ಸೇರೂದು ಬಹುತೇಕ ಇದ ಕಾರಣಕ್ಕ. ನಮ್ಮ ಖಾರದ ಕೂಡ ಮಾತ್ರ ಉಲ್ಟಾ, ಕೆಂಪ್ ಚಟ್ನಿ, ಎಣ್ಣಿಗಾಯಿ ಪಲ್ಯೆ, ಸವಜಿ ಊಟದ ಮುಂದ ಗಟ್ಟಿ ಕ್ಯಾಬರ್ನೆ ಇಟ್ರ ಖಾರ ಇನ್ನೂ ಉರೀತೈತಿ, ಆಲ್ಕೋಹಾಲೂ ಸುಡ್ತೈತಿ. ಅದಕ್ಕ ಒಂಚೂರು ಸಿಹಿ ಇರೂ ಚೆನಿನ್ ಬ್ಲಾಂಕ್ ಅನ್ನೂ ಬಿಳೀ ವೈನ್ ತಣ್ಣಗ ಮಾಡಿ ಇಟ್ಕೊಳ್ರಿ, ಶೇಂಗಾ ಹಿಂಡಿ ಜ್ವಾಳದ ರೊಟ್ಟಿ ಕೂಡ ಮಸ್ತ್ ಹೋಗ್ತೈತಿ, ನಂಬಾಕ ಬರೂದಿಲ್ಲ ಹಂಗ. ಕುಂದಾ ತಿಂದು ಮ್ಯಾಲ ಒಣ (ಸಿಹಿ ಇಲ್ದ) ವೈನ್ ಕುಡೀಬ್ಯಾಡ್ರಿ, ಲಿಂಬಿ ಹಿಂಡಿದಂಗ ಆಗ್ತೈತಿ. ಸಿಹಿ ತಿನಿಸಿಗಿ ಅದಕ್ಕಿಂತಾ ಸಿಹಿ ವೈನ್ ಬೇಕು, ಬಳ್ಳಿ ಮ್ಯಾಲ ಹಣ್ಣ ಬಾಡೂತನ ಬಿಟ್ಟು ತಡಾ ಮಾಡಿ ಕೊಯ್ದ ದ್ರಾಕ್ಷಿದು ಸಿಗ್ತಾವಲ್ಲ, ಅಂಥಾವು.

ಹೆಂಗ ಕುಡೀಬೇಕು ಅನ್ನೂದಕ್ಕ ಸೋಗು ಏನೂ ಬ್ಯಾಡ. ಗ್ಲಾಸಿನ ಮೂರನೇ ಒಂದ್ ಪಾಲ ಹಾಕ್ಕೊಂಡು ಮದಲ ಹಂಗ ಮೂಸಿ ನೋಡ್ರಿ, ಆಮ್ಯಾಲ ತಿರುವಿ ಇನ್ನೊಮ್ಮಿ ಮೂಸ್ರಿ, ಎರಡಕ್ಕೂ ಫರಕ್ ಇದ್ದೇ ಇರ್ತೈತಿ. ಗುಟುಕು ಬಾಯಾಗ ಒಂದ್ ಗಳಿಗಿ ಹಿಡದು ಮಗ್ಗಲಾ ಮಗ್ಗಲಾ ಹೊರಳಿಸಿ ನುಂಗ್ರಿ, ನುಂಗಿದ ಮ್ಯಾಲ ಎಷ್ಟೊತ್ತು ರುಚಿ ನಿಲ್ತೈತಿ ನೋಡ್ರಿ. ಅಗ್ಗದ್ದು ಲಗೂನ ಮಾಯ ಆಗ್ತೈತಿ. ಒಂದ ಬಾಟ್ಲಿ ಕುಡದು ಏನೂ ತಿಳಿಯೂದಿಲ್ಲ, ನಾಕ್ ಮಂದಿ ಕೂಡಿ ಎರಡ್ ಬ್ಯಾರೆ ಬ್ಯಾರೆ ದ್ರಾಕ್ಷಿದು ಬಾಜೂಬಾಜೂ ಇಟ್ಟು ಕುಡೀರಿ, ಶಿರಾಜ್ ಒಂದು ಕ್ಯಾಬರ್ನೆ ಒಂದು. ಶಿರಾಜ್‌ನಾಗ ಮೆಣಸಿನ ಘಾಟ ಸಿಕ್ಕ್ರ ನನ್ನ ನೆನಸ್ರಿ.

ತಿಕೋಟಾ_ಪಡ:

ಇಷ್ಟೆಲ್ಲಾ ಬರದಿದ್ದಕ್ಕ ಎಲ್ಲಾರಿಗೂ ಶರಣು. ತಮ್ಮಗ ಪೂರಾ ಕಳಿಸೀನಿ, ಅಬಕಾರಿ ಮಾತ ಓದಿ ಥಂಡಾ ಆಗ್ಯಾನ. ಕಡಿಯೂದು ಈಗ ಇಲ್ಲ, ಅಪ್ಪಾರಿಗೂ ಹೇಳೀನಿ, ಆದ್ರ ಆಶಾ ಪೂರಾ ಹೋಗಿಲ್ಲ. ನಮ್ಮದು ಮರಡಿ ಭೂಮಿ, ಎರಡ್ ಫೂಟಿನ ಕೆಳಗ ಗರಸು, ಬೋರ್‌ವೆಲ್ ನೀರು ಸವಳು. ಬಳ್ಳಿ ಎಲ್ಲಾ ಡಾಗ್‌ರಿಜ್ ಅನ್ನೂ ಬೇರಿನ ತಳಿ ಮ್ಯಾಲ ಕಲಮು ಕಟ್ಟಿದ್ದು ಅದಾವು. ಇಂಥಾ ಮಣ್ಣಾಗ ವೈನ್ ದ್ರಾಕ್ಷಿ ಬರ್ತದೇನ್ರೀ?

ಸೆಲ್ಲಾರ್_ಜಮಖಂಡಿ:

ಮರಡಿ ಗರಸು ಅಂದ್ರ ಚಲೋನ ಆತು, ವೈನ್ ದ್ರಾಕ್ಷಿಗಿ ಎರಿ ಭೂಮಿಕಿಂತಾ ಅದ ಬೇಕು. ಎರ್ಯಾಗ ನೀರು ನಿಂತು ಬಳ್ಳಿ ಎಲಿ ಕಡೆ ಓಡ್ತೈತಿ, ಗರಸಿನಾಗ ನೀರ ಬಸದು ಕಾಳು ಸಣ್ಣ ಉಳೀತಾವು. ಸವಳಿನ ಸಲುವಾಗೇ ಡಾಗ್‌ರಿಜ್ ಹಚ್ಚಿರ್ತೀರಿ, ಅದು ತಡೀತೈತಿ, ಆದ್ರ ಭಾಳ ಹುಮ್ಮಸಿನ ಬೇರು, ವೈನ್ ಮಂದಿ 110 ಆರ್ ಅಂತ ಇನ್ನೊಂದ್ ಬೇರು ಇಷ್ಟ ಪಡ್ತಾರ. ಮುಂದ ಕರಾರು ಸಿಕ್ರ ಬಳ್ಳಿ ಬುಡಸಮೇತ ಕೀಳೂ ಜರೂರಿಲ್ಲ, ಮ್ಯಾಲ ಕಡದು ಅದ ಬೇರಿನ ಮ್ಯಾಲ ಕ್ಯಾಬರ್ನೆ ಕಲಮು ಕಟ್ಟಾಕ ಬರ್ತೈತಿ, ತಂತಿ ಆಂಗಲ್ ಡ್ರಿಪ್ ಎಲ್ಲಾ ಇದ್ದದ್ದ ನಡೀತಾವು. ಅದಕ್ಕೂ ಮದಲ ಮಣ್ಣು ನೀರು ಎರಡೂ ಟೆಸ್ಟ್ ಮಾಡಸ್ರಿ, ನಿಮಗ ತಿಡಗುಂದಿ ತೋಟಗಾರಿಕೆ ಸಂಶೋಧನಾ ಕೇಂದ್ರ ಹತ್ತಿರ, ಪುಣೆ ಹತ್ರ ಮಾಂಜ್ರಿದಾಗ ದ್ರಾಕ್ಷಿ ಸಂಶೋಧನಾ ಕೇಂದ್ರ ಐತಿ, ವೈನ್ ತಳಿ ಎಲ್ಲಾ ಅವರ ಹತ್ರ ನೋಡಾಕ ಸಿಗ್ತಾವು.

ಫೆಬ್ರವರಿದಾಗ ನಾಸಿಕ್ ಕಡೆ ಬರ್ರಿ, ಕೊಯ್ಲು ನಡದಿರ್ತೈತಿ. ಅಪ್ಪಾರನ್ನೂ ಕರಕೊಂಡ್ ಬರ್ರಿ, ಅವರು ಕುಡಿಯೂದು ಬ್ಯಾಡ, ತೂಕದ ಕಾಟಾದ ಹತ್ರ ಹಣ್ಣ ತಂದ ರೈತರು ನಿಂತಿರ್ತಾರ, ಅವರ ಕೂಡ ಮಾತಾಡ್ಲಿ.

ತೆಲಸಂಗ_ರೈತ:

ಹೋಗೂ ಮುಂದ ನನಗೂ ಒಂದ್ ಫೋನ್ ಮಾಡು ತಮ್ಮಾ, ಗಾಡ್ಯಾಗ ಜಾಗಾ ಇದ್ರ ಬರ್ತೀನಿ. ರೇಟ್ ಕೇಳೂದು ನನಗ ಬಿಡು.

ಟಿಳಕವಾಡಿ_ಸಂಜಿ:

ಹೋಗಿ ಬರ್ರಿ, ಆದ್ರ ಬರೂ ಮುಂದ ಡಿಕ್ಕಿ ತುಂಬ ಬಾಟ್ಲಿ ಹಾಕ್ಕೊಂಡು ಬರಬ್ಯಾಡ್ರಿ, ಬ್ಯಾರೆ ರಾಜ್ಯದಿಂದ ತರೂದಕ್ಕೂ ಅಬಕಾರಿ ನಿಯಮ ಅದಾವು, ಗಡಿ ಚೆಕ್‌ಪೋಸ್ಟ್‌ನಾಗ ತಗದು ನೋಡ್ತಾರ. ಅಲ್ಲೇ ಕುಡದು ಬರ್ರಿ, ಗಾಡಿ ಕುಡಿಯದವರು ಹೊಡೀರಿ.